ಸೈಟು ಕೊಳ್ಳುವ ಮುಂಚೆ ನೆಲದ ಮನೆತನ ಕೇಳು

ತಮ್ಮಾ, ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದು ಎರಡು ದಿನವಾದರೂ ತಲೆಯಿಂದ ಇಳಿದಿಲ್ಲ. "ಮಾವಾ, ಸ್ಟೇಷನ್ನಿಗೆ ಐದು ನಿಮಿಷದ ದಾರಿ, ರೋಡ್ ಟಚ್ ಐತಿ, ಎನ್.ಎ. ಆಗೈತಿ, ಖಾತಾ ಕ್ಲಿಯರ್ ಐತಿ, ಸುತ್ತಮುತ್ತಲ ರೇಟಿಗಿಂತ ಕಡಿಮೆಗೆ ಕೊಡ್ತಾರ" ಅಂದೆ. ಮೊದಲ ನಾಲ್ಕು ಮಾತು ಕೇಳಿ ಸಂತೋಷವಾಯಿತು. ಐದನೆಯದು ಕೇಳಿ ನಿದ್ದೆ ಕೆಟ್ಟಿತು.

ಎಲ್ಲಾ ಸರಿ ಇರುವ ನೆಲ ಕಡಿಮೆ ಬೆಲೆಗೆ ಯಾಕೆ ಬರುತ್ತದೆ? ಈ ಪ್ರಶ್ನೆಯನ್ನು ನೀನು ದಲಾಲನಿಗೆ ಕೇಳಲಿಲ್ಲ. ಕೇಳಿದ್ದರೂ ಅವನು "ನಿಮ್ಮ ಪುಣ್ಯ ರೀ" ಅನ್ನುತ್ತಿದ್ದ. ಅದಕ್ಕೇ ನಾನು ಕೇಳುತ್ತಿದ್ದೇನೆ. ನಿನಗೆ ಹೇಳುವ ನೆಪದಲ್ಲಿ ನಿನ್ನ ವಾರಿಗೆಯವರ ಕಿವಿಗೂ ಬೀಳಲಿ ಅಂತ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ನಾನು ಕಂದಾಯ ಇಲಾಖೆಯಲ್ಲಿ ಸವೆದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಊರೂರು ತಿರುಗಿ ಪಹಣಿ ಬರೆದವನು, ಓದಿದವನು. ಹೆಣ್ಣು ತರುವಾಗ ಮನೆತನ ವಿಚಾರಿಸುತ್ತೇವೆ. ಎತ್ತು ತರುವಾಗ ಹಲ್ಲು ಹಿಡಿದು, ಗೊರಸು ಎತ್ತಿ ನೋಡುತ್ತೇವೆ. ಮೂವತ್ತು ವರ್ಷ ಸಾಲ ತೀರಿಸಬೇಕಾದ ನೆಲಕ್ಕೆ ಮಾತ್ರ ಕಾಗದ ನೋಡಿ ಕೈ ಮುಗಿದು ಬರುತ್ತೇವೆ. ಕಾಗದ ಹೇಳುವುದು ನೆಲ ಯಾರದು ಅಂತ. ಅದರ ಮೈಯಲ್ಲಿ ಏನಿದೆ ಅಂತ ಕಾಗದ ಹೇಳುವುದಿಲ್ಲ.

ನಿನ್ನ ಆಸೆ ತಪ್ಪು ಅನ್ನುತ್ತಿಲ್ಲ. ಸ್ಟೇಷನ್ ಹತ್ತಿರ ಮನೆ ಮಾಡಬೇಕು ಅನ್ನುವುದು ಬುದ್ಧಿವಂತನ ಆಸೆಯೇ. ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ಹಳಿ ಬಂದದ್ದು 1905ರಲ್ಲಿ. ಮುಂದೆ ದಾರಿಯಿಲ್ಲ, ಹತ್ತಿರ ಹತ್ತಿರ ನೂರು ವರ್ಷ ಕೊಟ್ಟೂರೇ ಕಡೆಯ ನಿಲ್ದಾಣ. ಬ್ರಾಡ್ ಗೇಜ್ ಆದ ಮೇಲೆ ಹಳಿ ಇತ್ತು, ಪ್ಯಾಸೆಂಜರ್ ಗಾಡಿ ಇರಲಿಲ್ಲ. ಹರಪನಹಳ್ಳಿಯ ಮೇಲೆ ಹಾಯ್ದು ಹರಿಹರಕ್ಕೆ ಹಳಿ ಸೇರಿ, 2019ರಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಿದಾಗ ಜನ ಎಂಜಿನ್ನಿಗೆ ಹೂವಿನ ಹಾರ ಹಾಕುವಷ್ಟು ಕಾದಿದ್ದರು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕಚೇರಿ, ಕೋರ್ಟು, ಆಸ್ಪತ್ರೆ ಅಂತ ಎಲ್ಲರೂ ಅತ್ತಲೇ ಹೋಗಬೇಕು. ಕೂಡ್ಲಿಗಿಗೂ ಹಡಗಲಿಗೂ ರೈಲಿಲ್ಲ, ಅಲ್ಲಿ ಬಸ್ ಸ್ಟ್ಯಾಂಡೇ ಸ್ಟೇಷನ್. ಒಟ್ಟಿನಲ್ಲಿ ನಿಲ್ದಾಣದ ಸುತ್ತಲ ನೆಲಕ್ಕೆ ಬಂಗಾರದ ಬೆಲೆ ಬರುವ ಕಾಲ ಇದು.

ಆದರೆ ಒಂದು ವಿಷಯ ಯೋಚಿಸು. ಊರಿನ ದುಡಿಮೆ ಎಲ್ಲಿತ್ತೋ ಊರಿನ ಕೊಳೆಯೂ ಅಲ್ಲೇ ಬಿದ್ದಿರುತ್ತದೆ. ಹೊರಗಿನ ಸರಕು ಮೊದಲು ಇಳಿಯುತ್ತಿದ್ದದ್ದು ನಿಲ್ದಾಣದ ಬಳಿ. ಆದ್ದರಿಂದ ಗೊಬ್ಬರದ ಗೋದಾಮು, ಔಷಧದ ಗೋದಾಮು, ಸೀಮೆ ಎಣ್ಣೆ ಡಿಪೊ, ಪೆಟ್ರೋಲ್ ಬಂಕು, ಗ್ಯಾರೇಜು, ಬ್ಯಾಟರಿ ಅಂಗಡಿ, ಮೋಟರು ರಿವೈಂಡಿಂಗ್ ಎಲ್ಲವೂ ಅಲ್ಲೇ ಸುತ್ತಿಕೊಂಡವು. ಉಗಿ ಎಂಜಿನ್ ಕಾಲದಲ್ಲಿ ಗಾಡಿ ತಂಗಿದಲ್ಲೆಲ್ಲ ಕಲ್ಲಿದ್ದಲಿನ ಬೂದಿ ಸುರಿಯಲೇಬೇಕು. ಆ ಬೂದಿ ತಗ್ಗು ತುಂಬಲು ಹೋಗುತ್ತಿತ್ತು. ಹಳಿಯ ಕೆಳಗಿನ ಮರದ ಸ್ಲೀಪರುಗಳಿಗೆ ಗೆದ್ದಲು ಹತ್ತಬಾರದು ಅಂತ ಕ್ರಿಯೋಸೋಟ್ ಎಂಬ ಕಪ್ಪು ಎಣ್ಣೆ ಕುಡಿಸುತ್ತಿದ್ದರು. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ನೀನು ಆಗ ಹುಟ್ಟಿರಲಿಲ್ಲ. ನೆಲ ಇತ್ತು. ಅದಕ್ಕೆ ಮರೆವಿಲ್ಲ.

ನಮ್ಮ ಕಡೆಯವರಿಗೆ ನೆಲ ಕೆಟ್ಟಿದೆ ಅಂದರೆ ಥಟ್ಟನೆ ನೆನಪಾಗುವುದು ಅದಿರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸುವ ಮುಂಚೆ ಹೊಸಪೇಟೆಯ ಸುತ್ತ ರಸ್ತೆ ಬದಿಯ ಹೊಲಗಳೆಲ್ಲ ಸ್ಟಾಕ್‌ಯಾರ್ಡ್ ಆಗಿದ್ದವು. ಬೇವಿನ ಮರದ ಎಲೆಯೂ ಕೆಂಪಗಿತ್ತು. ಹಾಗಂತ ಕೆಂಪು ಕಂಡ ಕೂಡಲೇ ಓಡಬೇಡ. ಕಬ್ಬಿಣದ ಅದಿರಿನ ದೂಳು ಎದೆಗೆ ಕೆಟ್ಟದ್ದು, ನಿಜ. ಆದರೆ ಕಬ್ಬಿಣ ಸೀಸದಂಥ ವಿಷವಲ್ಲ. ಅಂಥ ಯಾರ್ಡಿನಲ್ಲಿ ಲಾರಿ ತೊಳೆದ ಜಾಗ, ಡೀಸೆಲ್ ಡ್ರಮ್ಮು ಇಟ್ಟ ಜಾಗ, ಎಂಜಿನ್ ಆಯಿಲ್ ಬದಲಿಸಿದ ಜಾಗ ಹೆಚ್ಚು ಅಪಾಯ. ಅವು ಕೆಂಪಗಿರುವುದಿಲ್ಲ, ಒಂದು ಮಳೆ ಬಂದರೆ ಕಾಣುವುದೂ ಇಲ್ಲ. ಕಂಡದ್ದಕ್ಕೆ ಹೆದರಿ ಕಾಣದ್ದರ ಮೇಲೆ ಮಲಗುವುದು ನಮ್ಮ ಚಾಳಿ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ ತಮ್ಮಾ. ಪೆಟ್ಟು ತಿಂದು ಹೇಳುತ್ತಿದ್ದೇನೆ.

ನೌಕರಿಯಲ್ಲಿದ್ದಾಗ, ಈ ಐದರಲ್ಲೇ ಒಂದು ಊರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು–ನಲವತ್ತರ ಸೈಟು ಕೊಂಡೆ. ಅಗ್ಗಕ್ಕೆ ಸಿಕ್ಕಿತು. ಬೀಗುತ್ತಾ ಮನೆ ಕಟ್ಟಿದೆ. ಬೋರು ಹಾಕಿಸಿದಾಗ ನೀರು ಸ್ಫಟಿಕದಂತೆ ಬಂತು; ನಿನ್ನ ಅತ್ತೆ ಆರತಿ ಮಾಡಿದಳು. ಮೂರನೆಯ ದಿನ ಬೇಳೆ ಬೇಯಿಸುವಾಗ "ಸೀಮೆ ಎಣ್ಣೆ ವಾಸನೆ ಬರ್ತದ" ಅಂದಳು. ಒಲೆಯದು ಇರಬೇಕು ಅಂತ ನಾನೇ ಬೈದೆ. ವಾಸನೆ ಒಲೆಯದಲ್ಲ, ನೀರಿನದು. ಓಣಿಯ ಹಿರಿಯರೊಬ್ಬರು ಆಮೇಲೆ ಹೇಳಿದರು: "ಅಲ್ಲಿ ಮೊದಲು ಬಂಕಿತ್ತಲ್ಲೋ, ಟ್ಯಾಂಕು ತೆಗೀಲೇ ಇಲ್ಲ, ಮಣ್ಣು ಮುಚ್ಚಿದ್ರು." ಊರವರಿಗೆಲ್ಲ ಗೊತ್ತಿದ್ದ ಸಂಗತಿ. ಊರವರ ಪಹಣಿ ಓದುವ ನನಗೆ ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ನಾನು ಯಾರನ್ನೂ ಕೇಳಿರಲಿಲ್ಲ.

ನೆಲದೊಳಗಿನ ಕಬ್ಬಿಣದ ಟ್ಯಾಂಕು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾದರೂ ಸಾಕು, ವರ್ಷಗಟ್ಟಲೆ ಸೋರುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರುವಂಥದ್ದು. ಅದು ನೀರಿನಲ್ಲಿ ಬರುತ್ತದೆ, ಹಬೆಯಾಗಿ ಪಾಯದ ಬಿರುಕಿನಿಂದ ಕೋಣೆಗೂ ಏರುತ್ತದೆ. 2000ದ ಫೆಬ್ರುವರಿಗೆ ಮುಂಚಿನ ಪೆಟ್ರೋಲಾದರೆ ಅದರಲ್ಲಿ ಸೀಸವೂ ಇರುತ್ತಿತ್ತು. ಇದೆಲ್ಲ ತಿಳಿದದ್ದು ಆಮೇಲೆ. ಆ ಮನೆಯಲ್ಲಿ ಇದ್ದಷ್ಟು ವರ್ಷ ಬೀದಿ ನಲ್ಲಿಯಿಂದ ಕೊಡ ಹೊತ್ತೆವು. ಕೊನೆಗೆ ಮಾರುವಾಗ ಇದ್ದದ್ದು ಇದ್ದ ಹಾಗೆ ಹೇಳಿಯೇ ಮಾರಿದೆ. ಸಿಮೆಂಟು ಗೋದಾಮು ಮಾಡುತ್ತೇನೆ ಅಂದವನು ಅರ್ಧ ಬೆಲೆಗೆ ಕೊಂಡ. ನನಗೆ ಮುಚ್ಚಿಟ್ಟು ಮಾರಿದವನ ಮೇಲೆ ಈಗ ಸಿಟ್ಟಿಲ್ಲ. ಕೇಳದೆ ಕೊಂಡ ತಪ್ಪು ನನ್ನದು. ಕಳಕೊಂಡ ಹಣ ಅದರ ದಂಡ.

ನನ್ನದು ಒಂದು ಸೈಟಿನ ಕಥೆ. ಒಂದು ಇಡೀ ಊರಿನ ಕಥೆ ನೋಡಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹಳಿ ಹಾಕಿದ್ದು 1894ರಲ್ಲಿ, ಚಿನ್ನಕ್ಕಾಗಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು, ಹಳಿ ಉಳಿಯಿತು. ಈಗ ಅಲ್ಲಿಯ ಜನ ಬೆಳಕು ಹರಿಯುವ ಮುಂಚೆ ಮಾರಿಕುಪ್ಪ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಸ್ವರ್ಣ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ ಮರಳುತ್ತಾರೆ. ನಿಲ್ದಾಣಕ್ಕೆ ಐದು ನಿಮಿಷದ ಮನೆ ಅಂದೆಯಲ್ಲ, ಅಲ್ಲಿ ಸಾವಿರಾರು ಜನಕ್ಕೆ ಅದಿದೆ. ಜೊತೆಗೆ ಇನ್ನೊಂದಿದೆ: ಸೈನೈಡ್ ದಿಬ್ಬ.

ಕಲ್ಲು ಅರೆದು, ಸೈನೈಡಿನಲ್ಲಿ ತೊಳೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ನೂರು ವರ್ಷ ಊರ ಮಗ್ಗುಲಲ್ಲೇ ಸುರಿದರು. 13 ದಿಬ್ಬ, ಸುಮಾರು 3.3 ಕೋಟಿ ಟನ್. ಒಂದು ಮದುವೆಗೆ ಹೋದಾಗ ನೋಡಿದ್ದೇನೆ. ಬೋಳು ಬೆಟ್ಟದಂತೆ ನಿಂತಿವೆ. ಸಿನಿಮಾದವರಿಗೆ ಅದು ಚಂದದ ಲೊಕೇಷನ್. ಕೆಳಗಿನ ಕಾಲೊನಿಯವರಿಗೆ ಗಾಳಿ ಎದ್ದ ದಿನ ಅನ್ನದ ತಟ್ಟೆಗೆ ಮುಚ್ಚಳ. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಒಡೆಯುತ್ತದೆ. ನುಣ್ಣನೆಯ ಕಲ್ಲಿನ ದೂಳು ಒಡೆಯುವುದಿಲ್ಲ, ಅದರೊಳಗಿನ ಲೋಹ ಎಲ್ಲಿಗೂ ಹೋಗುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಆ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ಒಪ್ಪಿಗೆ ಕೊಟ್ಟಿತು. ತೆಗೆಯಲಿ, ಒಳ್ಳೆಯದೇ. ಆದರೆ ಲೆಕ್ಕ ನೋಡು: ದಿಬ್ಬದಲ್ಲಿ ಚಿನ್ನ ಉಳಿದಿದೆ ಅಂದಾಗ ಸರಕಾರಗಳು ಅತ್ತ ತಿರುಗಿದವು, ದೂಳು ಉಳಿದಿದೆ ಅಂತ ಜನ ಹೇಳುತ್ತಲೇ ಇದ್ದರು.

ದೂರದ ದೇಶದ್ದೂ ಒಂದು ಕೇಳು. ಅಮೆರಿಕದ ನಯಾಗರಾ ಫಾಲ್ಸ್ ಪಟ್ಟಣದಲ್ಲಿ ಲವ್ ಕೆನಾಲ್ ಅಂತ ಅರೆಬರೆ ತೋಡಿ ಬಿಟ್ಟ ಕಾಲುವೆ. ಹೂಕರ್ ಎಂಬ ರಾಸಾಯನಿಕ ಕಂಪನಿ 1942ರಿಂದ ಸುಮಾರು ಹತ್ತು ವರ್ಷ ಅದರಲ್ಲಿ ಇಪ್ಪತ್ತು ಸಾವಿರ ಟನ್ನಿಗೂ ಮಿಕ್ಕಿ ವಿಷ ತುಂಬಿ, ಮೇಲೆ ಮಣ್ಣು ಎಳೆದು, 1953ರಲ್ಲಿ ಊರಿನ ಶಾಲಾ ಮಂಡಳಿಗೆ ಮಾರಿತು. ಬೆಲೆ ಎಷ್ಟು ಗೊತ್ತೇ? ಒಂದು ಡಾಲರ್! ಕ್ರಯಪತ್ರದಲ್ಲಿ ಒಳಗೆ ರಾಸಾಯನಿಕ ಇದೆ ಅಂತ ಬರೆದೂ ಇತ್ತು. ಓದಿದವರು ಓದದವರ ಹಾಗೆ ಸಹಿ ಹಾಕಿದರು. ಅದರ ಮೇಲೆ ಶಾಲೆ ಎದ್ದಿತು, ಸುತ್ತ ಮನೆಗಳು ಎದ್ದವು. ಇಪ್ಪತ್ತೈದು ವರ್ಷದ ಮೇಲೆ ನೆಲಮಾಳಿಗೆಗಳಿಗೆ ಕಪ್ಪು ರಸ ಜಿನುಗಿತು. ಮಕ್ಕಳು ಕಾಯಿಲೆ ಬಿದ್ದರು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಮನೆ ಮನೆ ಬಾಗಿಲು ತಟ್ಟಿ ಕಾಯಿಲೆಗಳ ಪಟ್ಟಿ ಮಾಡಿದಳು. 1978ರ ಆಗಸ್ಟಿನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಸಾರಿದರು. ಕೊನೆಗೆ ಎಂಟುನೂರಕ್ಕೂ ಹೆಚ್ಚು ಸಂಸಾರ ಊರು ಬಿಟ್ಟವು. ಕೆಟ್ಟ ನೆಲ ತೊಳೆಯಲು 1980ರಲ್ಲಿ ಆ ದೇಶ ಸೂಪರ್‌ಫಂಡ್ ಕಾನೂನು ತಂದದ್ದು ಈ ಪೆಟ್ಟಿನ ಮೇಲೆ. ಒಂದು ಡಾಲರಿನ ನೆಲ ಅಂದರೆ ಹೀಗೆ. ನಿನ್ನ ಸೈಟು "ರೇಟಿಗಿಂತ ಕಡಿಮೆ" ಅಂದಾಗ ನನಗೆ ನೆನಪಾದದ್ದು ಇದು.

ಹೆದರಿಸಿದ್ದು ಸಾಕು, ಈಗ ಕೆಲಸದ ಮಾತಿಗೆ ಬರೋಣ.

ಮೊದಲು ತಾಲ್ಲೂಕು ಕಚೇರಿಗೆ ಹೋಗು. ಕಂಪ್ಯೂಟರ್ ಪಹಣಿ ಸಾಲದು. ರೆಕಾರ್ಡ್ ರೂಮಿನಲ್ಲಿರುವ ಹಳೆಯ ಕೈಬರಹದ ಪಹಣಿಯ ನಕಲು ತೆಗೆಸು. ಎಲ್ಲರೂ ಮಾಲೀಕನ ಹೆಸರಿರುವ 9ನೇ ಕಾಲಂ, ಋಣಭಾರದ 11ನೇ ಕಾಲಂ ನೋಡಿ ಮಡಚುತ್ತಾರೆ. ನೀನು 12ನೇ ಕಾಲಂ ನೋಡು. ಅಲ್ಲಿ ಬೆಳೆ ಬರೆದಿರುತ್ತದೆ. ಜೋಳ, ಶೇಂಗಾ, ಸಜ್ಜೆ, ಸೂರ್ಯಕಾಂತಿ ಅಂತ ವರ್ಷ ವರ್ಷ ಬರುತ್ತಾ ಬಂದು ಇದ್ದಕ್ಕಿದ್ದಂತೆ 'ಬೀಳು' ಅಂತ ಆಗಿದ್ದರೆ ಅಲ್ಲಿ ಬೆರಳಿಟ್ಟು ನಿಲ್ಲು. ಒಳ್ಳೆಯ ಎರೆ ಹೊಲ, ಊರಿಗೆ ಹತ್ತಿರ, ಬೀಳು ಯಾಕೆ ಬಿತ್ತು? ಭಾಗದ ಜಗಳವೇ, ಬರವೇ, ಬಾಡಿಗೆಗೆ ಕೊಟ್ಟಿದ್ದರೇ? ಬಾಡಿಗೆಗಾದರೆ ಯಾರಿಗೆ, ಏನು ಇಡಲು? ಭೂಪರಿವರ್ತನೆ ಆದೇಶದಲ್ಲಿ ಮೊದಲು 'ಕೈಗಾರಿಕೆ' ಅಂತ ಇದ್ದು ಆಮೇಲೆ 'ವಸತಿ' ಆಗಿದೆಯೇ ನೋಡು. ಪುರಸಭೆಯೋ ಪಟ್ಟಣ ಪಂಚಾಯಿತಿಯೋ, ಅಲ್ಲಿಯ ಹಳೆಯ ಟ್ರೇಡ್ ಲೈಸೆನ್ಸ್ ವಹಿಯಲ್ಲಿ ಆ ಜಾಗದಲ್ಲಿ ಯಾವ ಅಂಗಡಿ, ಯಾವ ಕಾರ್ಖಾನೆ ಇತ್ತು ಅಂತ ಸಿಗಬಹುದು. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕು. ಮೂವತ್ತು ದಿನ ಕಾಯಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಅರ್ಜಿ ಇರಲಿ.

ಕಾಗದಕ್ಕಿಂತ ಹಳೆಯ ದಾಖಲೆ ಓಣಿಯ ಕಟ್ಟೆಯ ಮೇಲೆ ಕೂತಿರುತ್ತದೆ. ಎಪ್ಪತ್ತು ದಾಟಿದ ಇಬ್ಬರನ್ನು ಹಿಡಿ, ಚಹಾ ಕೊಡಿಸು, "ಅಜ್ಜಾ, ಇಲ್ಲಿ ಮೊದಲು ಏನಿತ್ತು?" ಅನ್ನು. ಬ್ಯಾಟರಿ ಒಡೆಯುತ್ತಿದ್ದರು ಅಂದರೆ ಸೀಸ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಆ್ಯಸಿಡ್ ಚೆಲ್ಲಿದಲ್ಲೆಲ್ಲ ಅದೂ ಇಳಿದಿರುತ್ತದೆ. ಬಣ್ಣ ಹಾಕುತ್ತಿದ್ದರು, ತೊಗಲು ಹದ ಮಾಡುತ್ತಿದ್ದರು ಅಂದರೆ ಕ್ರೋಮಿಯಂ ನೋಡಬೇಕು. ಔಷಧದ ಗೋದಾಮು ಅಂದರೆ ನಮ್ಮಪ್ಪಂದಿರು ಗಮಾಕ್ಸಿನ್ ಪುಡಿ ಅಂತ ಬರಿಗೈಯಲ್ಲಿ ಎರಚುತ್ತಿದ್ದ ಬಿ.ಎಚ್.ಸಿ. 1997ರಲ್ಲಿ ನಿಷೇಧವಾಯಿತು, ಆದರೆ ಹರಿದ ಚೀಲದಿಂದ ನೆಲಕ್ಕೆ ಉದುರಿದ್ದನ್ನು ಯಾರೂ ಗುಡಿಸಿ ಒಯ್ಯಲಿಲ್ಲ. ಕಸದ ಗುಂಡಿ ಅಂದರೆ ಇನ್ನೊಂದು ಬಗೆ: ಕೊಳೆತ ಕಸ ಮೀಥೇನ್ ಬಿಡುತ್ತದೆ, ವರ್ಷ ವರ್ಷ ಕುಸಿಯುತ್ತದೆ, ಪಾಯ ಬಾಯಿ ಬಿಡುತ್ತದೆ. ಮುಂಬಯಿಯ ಮಲಾಡಿನಲ್ಲಿ ಹಳೆಯ ಕಸದ ದಿಬ್ಬದ ಮೇಲೆ ಗಾಜಿನ ಕಚೇರಿಗಳನ್ನೇ ಕಟ್ಟಿದರು. ಒಳಗಿನ ಕಂಪ್ಯೂಟರುಗಳು ಅನಿಲಕ್ಕೆ ಕಪ್ಪಿಟ್ಟು ಕೆಟ್ಟವು.

ಆಮೇಲೆ ನೆಲಕ್ಕೇ ಹೋಗು. ಮಳೆ ಬಿದ್ದ ಮರುದಿನ ಹೋಗು. ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಇದೆಯೇ? ಸುತ್ತೆಲ್ಲ ಜಾಲಿ, ಎಕ್ಕೆ, ಕರಿಕೆ ಬೆಳೆದು ಒಂದು ಕಡೆ ಮಾತ್ರ ಬೋಳಾಗಿದೆಯೇ? ಹೊಸದಾಗಿ ಗರಸು ಹೊಡೆಸಿ ಚೊಕ್ಕ ಮಾಡಿದ್ದರೆ ಮೆಚ್ಚಬೇಡ. ಗರಸಿನ ಕೆಳಗೆ ಏನಿದೆ ಅನ್ನುವುದೇ ಪ್ರಶ್ನೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ್ದು ನೀನೂ ನೋಡಿದ್ದೀ. ಮೇಲೆ ಹೂವು, ಬಾವುಟ, ಬಟ್ಟೆ ಎಲ್ಲ ಒಪ್ಪವಾಗಿತ್ತು. ಕೈಕೊಟ್ಟದ್ದು ಕೆಳಗೆ, ಅಚ್ಚಿನಲ್ಲಿ.

ಕಣ್ಣಿಗೆ ಕಂಡದ್ದೇ ಕಡೆಯ ಮಾತಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದು ಗೆರೆ ಬಿದ್ದದ್ದು ತಿಳಿನೀರು ಕುಡಿದೇ. ಫ್ಲೋರೈಡಿಗೆ ಬಣ್ಣವಿಲ್ಲ, ರುಚಿಯಿಲ್ಲ. ಅದು ಕಲ್ಲಿನ ಗುಣ, ಯಾರೂ ಕೆಡಿಸಿದ್ದಲ್ಲ. ಆದರೂ ಪಾಠ ಅದೇ: ಬೆಳ್ಳಗಿರುವುದೆಲ್ಲ ಹಾಲಲ್ಲ, ತಿಳಿಯಾಗಿರುವುದೆಲ್ಲ ಕುಡಿಯುವ ನೀರಲ್ಲ. ಅದಕ್ಕೆ ಪರೀಕ್ಷೆ ಮಾಡಿಸಬೇಕು.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. "ಮಣ್ಣು ಪರೀಕ್ಷೆ ಆಗೈತಿ ರೀ" ಅಂತ ದಲಾಲ ಒಂದು ಕಾಗದ ತೋರಿಸುತ್ತಾನೆ. ಅದು ಎಂಜಿನಿಯರ್ ಮಾಡಿದ್ದಾದರೆ ಭಾರ ತಡೆಯುತ್ತದೋ ಇಲ್ಲವೋ ಅಂತ ನೋಡಿದ್ದು. ಕೃಷಿ ಇಲಾಖೆಯ ಮಣ್ಣು ಆರೋಗ್ಯ ಚೀಟಿಯಾದರೆ 12 ಅಂಶ ನೋಡಿರುತ್ತಾರೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ಹೀಗೆ. ಅದು ಬೆಳೆಗೆ ಬೇಕಾದದ್ದು. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ, ಪೆಟ್ರೋಲಿಯಂ ಎಣ್ಣೆಯಂಶ ಆ ಚೀಟಿಯಲ್ಲಿ ಇರುವುದೇ ಇಲ್ಲ. ಎನ್.ಎ.ಬಿ.ಎಲ್. ಮಾನ್ಯತೆಯ ಪ್ರಯೋಗಾಲಯಕ್ಕೆ ಹೆಸರು ಹಿಡಿದು ಇವನ್ನೇ ನೋಡಿ ಅಂತ ಬರೆದು ಕೊಡು. ಮೇಲಿನ ಒಂದು ಹಿಡಿ ಮಣ್ಣು ಕೊಟ್ಟರೆ ಗರಸಿನ ಪರೀಕ್ಷೆಯಾಗುತ್ತದೆ. ನಾಲ್ಕಾರು ಕಡೆ ಗುಂಡಿ ತೆಗೆದು, ಮೊಣಕಾಲುದ್ದ, ಆಳುದ್ದ, ಬೇರೆ ಬೇರೆ ಮಟ್ಟದ ಮಣ್ಣು ಬೇರೆ ಬೇರೆ ಚೀಲದಲ್ಲಿ ಕೊಡು. ಪಕ್ಕದ ಬೋರಿನ ನೀರನ್ನೂ ಕೊಡು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ಭಾರತೀಯ ಮಾನಕ. ಅಂದರೆ ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್ ನೀರಿಗೆ ಒಂದೇ ಗ್ರಾಂ. ಇಷ್ಟು ಬಿಗಿ ಯಾಕೆ? ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿಬಿಟ್ಟಿದೆ. ದೊಡ್ಡವರು ಚಪ್ಪಲಿ ಹಾಕಿಕೊಂಡು ಓಡಾಡುತ್ತೇವೆ. ನಿನ್ನ ಮಗಳು ಇನ್ನೂ ಅಂಗಳದಲ್ಲಿ ಅಂಬೆಗಾಲಿಡುತ್ತಾಳೆ, ಮಣ್ಣು ಮುಟ್ಟಿದ ಕೈ ಬಾಯಿಗೆ ಹಾಕುತ್ತಾಳೆ. ನೆಲದ ಜೊತೆ ನಿಜವಾದ ವ್ಯವಹಾರ ಅವಳದ್ದು. ಪರೀಕ್ಷೆಯ ಖರ್ಚು ಹೆಚ್ಚಾಯಿತು ಅನ್ನಿಸಿದರೆ ಸಾಲದ ಕಂತಿನ ಪಕ್ಕದಲ್ಲಿ ಇಟ್ಟು ನೋಡು.

ಪರೀಕ್ಷೆಯಲ್ಲಿ ಕೆಟ್ಟದ್ದು ಸಿಕ್ಕಿತು ಅನ್ನು. ಆಗ ಬಿಟ್ಟು ಬರಬೇಕೇ? ಎಲ್ಲರೂ "ಹೌದು" ಅನ್ನುತ್ತಾರೆ. ನಾನು "ಅವಸರ ಬೇಡ" ಅನ್ನುತ್ತೇನೆ.

ಯಾಕೆಂದರೆ ಸ್ಟೇಷನ್ ಹತ್ತಿರದ ಕೆಟ್ಟ ನೆಲ ಬಿಟ್ಟು ನೀವೆಲ್ಲ ಎಲ್ಲಿಗೆ ಹೋಗುತ್ತೀರಿ? ಬೈಪಾಸಿನ ಆಚೆಯ ಹೊಲಕ್ಕೆ. ನಾನು ನೌಕರಿಗೆ ಸೇರಿದಾಗ ಈರುಳ್ಳಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಸೈಟಿನ ಕಲ್ಲು ಬೆಳೆದಿವೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಆ ನೆಲಕ್ಕೆ ಒಂದು ಗುಣವಿದೆ ಅಂತ. ಗುಣವಿರುವ ನೆಲದ ಮೇಲೆ ಸಿಮೆಂಟು ಸುರಿದು, ಕೆಟ್ಟ ನೆಲವನ್ನು ಊರ ನಡುವೆ ಹಾಗೇ ಬಿಟ್ಟರೆ ಎರಡು ಕಡೆ ನಷ್ಟ. ಅದಕ್ಕೇ ಜಗತ್ತಿನ ದೊಡ್ಡ ಊರುಗಳೆಲ್ಲ ಮುಚ್ಚಿದ ಕಾರ್ಖಾನೆಯ ನೆಲಕ್ಕೆ ವಾಪಸು ಬರುತ್ತಿವೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಬಿನ್ನಿ ಮಿಲ್ಲಿನ ನೆಲದಲ್ಲಿ ವಸತಿ ಗೋಪುರಗಳು ಎದ್ದಿವೆ. ಬೈಯಪ್ಪನಹಳ್ಳಿ ಮೆಟ್ರೊ ಪಕ್ಕದ ಎನ್.ಜಿ.ಇ.ಎಫ್. ಕಾರ್ಖಾನೆ 2002ರಲ್ಲಿ ಮುಚ್ಚಿತು. ಅಲ್ಲಿ ವೃಕ್ಷೋದ್ಯಾನದ ಯೋಜನೆ ಬಂತು. ನಮ್ಮ ಹಳಿಯ ಆ ತುದಿ ಹರಿಹರದಲ್ಲೂ ಲೇತು ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿ ಎರಡು ದಶಕ ಕಳೆಯಿತು. ಇಂಥ ನೆಲಗಳಿಗೆ ಒಂದಲ್ಲ ಒಂದು ದಿನ ಮನೆ ಬಂದೇ ಬರುತ್ತದೆ. ಬರಲಿ. ಬರುವ ಮುಂಚೆ ನೆಲಕ್ಕೆ ಸ್ನಾನವಾಗಬೇಕು, ಅಷ್ಟೇ ನನ್ನ ಮಾತು.

ಸ್ನಾನ ಹೇಗೆ ಅಂದೆಯಾ? ಎಣ್ಣೆ ಬಿದ್ದ ಮಣ್ಣಾದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿವೆ. ಮಣ್ಣು ಹರಡಿ, ಗೊಬ್ಬರ ನೀರು ಕೊಟ್ಟು, ಆಗಾಗ ತಿರುವಿ ಹಾಕಿದರೆ ತಿಂಗಳುಗಳಲ್ಲಿ ಸುಧಾರಿಸುತ್ತದೆ. ಸೀಸದಂಥ ಲೋಹವನ್ನು ಯಾವ ಜೀವಿಯೂ ತಿಂದು ಅರಗಿಸಲಾರದು. ಆ ಮಣ್ಣನ್ನು ಬಗೆದು ಅಪಾಯಕಾರಿ ತ್ಯಾಜ್ಯದ ನಿಗದಿತ ಜಾಗಕ್ಕೆ ಒಯ್ಯಬೇಕು, ಇಲ್ಲವೇ ಜೇಡಿಮಣ್ಣು, ದಪ್ಪ ಹಾಳೆ ಹೊದಿಸಿ ಮೇಲೆ ಮನೆಯ ಬದಲು ರಸ್ತೆಯೋ ಪಾರ್ಕಿಂಗೋ ಮಾಡಬೇಕು. ಸೂರ್ಯಕಾಂತಿ, ಸಾಸಿವೆಯಂಥ ಗಿಡಗಳು ಲೋಹವನ್ನು ಕೊಂಚ ಕೊಂಚ ಹೀರುತ್ತವೆ. ಅದಕ್ಕೆ ವರ್ಷಗಳು ಬೇಕು, ಆ ಬೆಳೆಯನ್ನು ತಿನ್ನುವಂತೆಯೂ ಇಲ್ಲ. ಹೂತ ಟ್ಯಾಂಕಾದರೆ ತೆಗೆಸಲೇಬೇಕು. ಕಸದ ಗುಂಡಿಯಾದರೆ ಪೂರ್ತಿ ಬಗೆದು, ಜರಡಿ ಹಿಡಿದು, ಬೇರ್ಪಡಿಸಬೇಕು. ಒಂದು ಲೋಡು ಗರಸು ಇವುಗಳಲ್ಲಿ ಯಾವುದೂ ಅಲ್ಲ.

ಖರ್ಚು ಯಾರದು? ಉಪ್ಪು ತಿಂದವನು ನೀರು ಕುಡಿಯಬೇಕು. ಕೇಂದ್ರ ಸರಕಾರ 2025ರ ಜುಲೈನಲ್ಲಿ ಕಲುಷಿತ ನೆಲಗಳ ನಿರ್ವಹಣೆಗೆಂದೇ ನಿಯಮ ತಂದಿದೆ. ಅನುಮಾನದ ಜಾಗಗಳನ್ನು ಸ್ಥಳೀಯ ಆಡಳಿತ ಗುರುತಿಸಬೇಕು, ರಾಜ್ಯದ ಮಾಲಿನ್ಯ ಮಂಡಳಿ ಪರೀಕ್ಷಿಸಬೇಕು, ಕೆಡಿಸಿದವನೇ ತೊಳೆಯುವ ಖರ್ಚು ಕೊಡಬೇಕು ಅನ್ನುವುದು ಅದರ ಸಾರ. ಒಳ್ಳೆಯ ನಿಯಮ. ಆದರೆ ಕಣ್ಣು ಬಿಟ್ಟು ಓದು: ಗಣಿಗಾರಿಕೆಯಿಂದ ಕೆಟ್ಟ ನೆಲ, ಊರ ಕಸ ಸುರಿದು ಕೆಟ್ಟ ನೆಲ ಇದರ ವ್ಯಾಪ್ತಿಗೆ ಬರುವುದಿಲ್ಲ, ಅವಕ್ಕೆ ಬೇರೆ ಕಾನೂನು ಇದೆ ಅಂತ ಹೊರಗಿಟ್ಟಿದ್ದಾರೆ. ನಮ್ಮ ಸೀಮೆಯಲ್ಲಿ ಜನ ಮೊದಲು ಬೊಟ್ಟು ಮಾಡುವುದೇ ಈ ಎರಡನ್ನು. ಹಾಗಾಗಿ ಸರಕಾರದ ಪಟ್ಟಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ನೆಲ ಶುದ್ಧ ಅಂತ ತಿಳಿಯಬೇಡ.

ಇನ್ನು ನಿನ್ನ ಹಾಗೆ ದುಡ್ಡು ಕೊಟ್ಟು ಆರಿಸಿಕೊಳ್ಳಲಾಗದವರು ಇದ್ದಾರಲ್ಲ, ಅವರ ಮಾತು. ಊರಿಗೆ ಆಶ್ರಯ ಮನೆ ಬಂದಾಗ ಯಾವ ನೆಲ ಹುಡುಕುತ್ತಾರೆ ಅಂತ ನಾನೇ ಸರ್ವೆಯವರ ಜೊತೆ ಚೈನು ಹಿಡಿದು ನೋಡಿದ್ದೇನೆ. ಕಸದ ಗುಂಡಿಯ ಮಗ್ಗುಲು, ಹಳ್ಳದ ದಂಡೆ, ಯಾರಿಗೂ ಬೇಡದ ತುಣುಕು. "ಫ್ರೀ ಕೊಡೋ ಸೈಟಿಗೆ ಇಷ್ಟು ಸಾಕು" ಅನ್ನುವ ಮಾತು ಕೇಳಿದ್ದೇನೆ. ಕೇಳಿ ಸುಮ್ಮನಿದ್ದೆ, ಅದೂ ನನ್ನ ಲೆಕ್ಕದಲ್ಲೇ ಇರಲಿ. ಬಡವನ ಮಗುವಿನ ರಕ್ತಕ್ಕೆ ಸೀಸ ಬೇರೆ ತೂಕದಲ್ಲಿ ಸೇರುವುದಿಲ್ಲ. ನಾಳೆ ನಿನ್ನ ಗೆಳೆಯರಲ್ಲಿ ಯಾರಾದರೂ ಪುರಸಭೆ ಮೆಂಬರ್ ಆದರೆ ಒಂದು ಕೆಲಸ ಮಾಡಿಸು: ನಿಲ್ದಾಣದ ಸುತ್ತಲ ಅರ್ಧ ಕಿಲೋಮೀಟರಿನಲ್ಲಿ ಮೊದಲು ಬಂಕು, ಬ್ಯಾಟರಿ ಅಂಗಡಿ, ಗೋದಾಮು, ಯಾರ್ಡು ಎಲ್ಲೆಲ್ಲಿತ್ತು ಅಂತ ಒಂದು ನಕಾಶೆ ಬರೆಸಲಿ. ನನ್ನಂಥ ಮುದುಕರು ಇನ್ನೂ ನಾಲ್ಕು ಜನ ಇದ್ದೇವೆ, ಬೆರಳಿಟ್ಟು ತೋರಿಸುತ್ತೇವೆ. ನಾವು ಹೋದ ಮೇಲೆ ಆ ನಕಾಶೆ ಬರೆಯಲು ಯಾರಿಗೂ ಆಗುವುದಿಲ್ಲ.

ನಿನ್ನ ಸೈಟಿನ ಮಾತಿಗೆ ಬರುತ್ತೇನೆ. ಮಾರುವವನಿಗೆ ಹೀಗೆ ಹೇಳು: "ಮಣ್ಣು, ನೀರು ಪರೀಕ್ಷೆ ಮಾಡಿಸ್ತೀನಿ. ಚೊಕ್ಕ ಇದ್ದರೆ ನೀವು ಹೇಳಿದ ಬೆಲೆ. ಕೊಳೆ ಇದ್ದರೆ ತೊಳೆದು ಕೊಡಿ, ಇಲ್ಲಾ ತೊಳೆಯೋ ಖರ್ಚು ಬೆಲೆಯಲ್ಲಿ ಕಳೀರಿ. ಎರಡೂ ಕರಾರುಪತ್ರದಲ್ಲಿ ಬರೀರಿ." ಒಪ್ಪಿದರೆ ಅವನು ಒಳ್ಳೆಯವನು, ನೆಲವೂ ಬಹುಶಃ ಒಳ್ಳೆಯದೇ. "ಬೇರೆ ಪಾರ್ಟಿ ರೆಡಿ ಐತಿ, ಇವತ್ತು ಸಂಜೆ ಒಳಗ ಹೇಳ್ರಿ" ಅಂದರೆ, ಕೈ ಮುಗಿದು ಎದ್ದು ಬಾ. ನೂರು ವರ್ಷ ಸುಮ್ಮನಿದ್ದ ನೆಲಕ್ಕೆ ಇವತ್ತು ಸಂಜೆಯ ಅವಸರ ಏನಿರುತ್ತದೆ?

ಬರುವ ಶನಿವಾರ ಬೆಳಗಿನ ಗಾಡಿಗೆ ಬಾ. ಇಬ್ಬರೂ ಹೋಗಿ ನಾಲ್ಕು ಕಡೆ ಗುಂಡಿ ತೋಡೋಣ. ಗುದ್ದಲಿ, ಪುಟ್ಟಿ, ಚೀಲ ನಾನು ತರುತ್ತೇನೆ. ಪ್ರಯೋಗಾಲಯದ ಉತ್ತರ ಬರುವವರೆಗೆ ಅಡ್ವಾನ್ಸ್ ಮಾತ್ರ ನಿನ್ನ ಜೇಬಿನಲ್ಲೇ ಇರಲಿ.